ಪದೇಪದೇ ಯೂರಿನ್ ಇನ್ಫೆಕ್ಷನ್: ಅಮ್ಮನಿಗೆ ಮತ್ತೆ ಅದೇ ಮಾತ್ರೆ ತರುವ ಮೊದಲು

"ಅಮ್ಮನಿಗೆ 68 ವರ್ಷ. ಎರಡು ತಿಂಗಳಿಗೊಮ್ಮೆ ಉರಿಮೂತ್ರ. ಮಾತ್ರೆ ಕೊಟ್ಟರೆ ಹೋಗುತ್ತೆ, ಮತ್ತೆ ಬರುತ್ತೆ. ಏನು ಮಾಡೋದು?" ಓದುಗರು ತುಂಬಾ ಕೇಳುವ ಪ್ರಶ್ನೆ ಇದು. ಅಮ್ಮನ ಜಾಗದಲ್ಲಿ ಒಮ್ಮೊಮ್ಮೆ ಅತ್ತೆ ಇರುತ್ತಾರೆ, ಅಜ್ಜಿ ಇರುತ್ತಾರೆ. ಕೆಲವರು ತಮ್ಮದೇ ತೊಂದರೆಯನ್ನು "ನಮಗೆ ಬೇಕಾದವರೊಬ್ಬರಿಗೆ" ಎಂದು ಕೇಳುತ್ತಾರೆ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ತೀರಾ ಸಾಮಾನ್ಯವಾದ ಕಾಯಿಲೆ.

ಪದೇಪದೇ ಅಂದರೆ ಎಷ್ಟು? ಆರು ತಿಂಗಳಲ್ಲಿ 2 ಸಲ ಅಥವಾ ಒಂದು ವರ್ಷದಲ್ಲಿ 3 ಸಲ ಬಂದರೆ ವೈದ್ಯರು ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ಅಷ್ಟಾದ ಮೇಲೆ "ಈ ಸಲದ ಉರಿ ಹೋದರೆ ಸಾಕು" ಎಂದು ಬಿಡುವಂತಿಲ್ಲ. ಬರದ ಹಾಗೆ ತಡೆಯುವುದರ ಬಗ್ಗೆ ಯೋಚಿಸಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದ ಹೆಂಗಸರಿಗೆ ಬೇಡದ ಕಡೆ ಆಂಟಿಬಯೋಟಿಕ್ ಜಾಸ್ತಿ ಹೋಗುತ್ತಿದೆ. ಬೇಕಾದ ಒಂದು ಸಣ್ಣ ಟ್ಯೂಬ್ ಕ್ರೀಮ್ ಮಾತ್ರ ಯಾರೂ ಬರೆದುಕೊಡುತ್ತಿಲ್ಲ, ಬರೆದುಕೊಟ್ಟರೂ ಯಾರೂ ಹಚ್ಚುತ್ತಿಲ್ಲ. ಅದರ ಬಗ್ಗೆ 6ನೇ ಹಂತದಲ್ಲಿ ವಿವರವಾಗಿ ಬರೆದಿದ್ದೇನೆ.

ಮೊದಲು ಇದನ್ನು ನೋಡಿ

ಚಳಿ ನಡುಕದ ಜೊತೆ ಜ್ವರ, ಬೆನ್ನಿನ ಪಕ್ಕದಲ್ಲಿ ಪಕ್ಕೆಲುಬಿನ ಕೆಳಗೆ ನೋವು, ವಾಂತಿ, ಬಿಪಿ ಇಳಿಯುವುದು, ವಿಪರೀತ ಮಂಪರು, ಮೂತ್ರವೇ ಬಾರದೆ ಹೊಟ್ಟೆ ಉಬ್ಬರ. ಇವುಗಳಲ್ಲಿ ಯಾವುದಾದರೂ ಇದ್ದರೆ ಈ ಲೇಖನ ಆಮೇಲೆ ಓದಿ, ಈಗ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಸೋಂಕು ಕಿಡ್ನಿಗೋ ರಕ್ತಕ್ಕೋ ಹೋಗಿರಬಹುದು. ವಯಸ್ಸಾದವರಲ್ಲಿ ಜ್ವರ ಜೋರಾಗಿ ಕಾಣದೆಯೂ ಇರಬಹುದು. ಹಾಗಾಗಿ ಥರ್ಮಾಮೀಟರ್ ಒಂದನ್ನೇ ನಂಬಬೇಡಿ.

ಈ ವಯಸ್ಸಿನಲ್ಲೇ ಯಾಕೆ?

ಹೆಚ್ಚಿನ ಸಲ ಸೋಂಕು ತರುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ನಮ್ಮ ಕರುಳಿನಲ್ಲೇ ಇರುತ್ತದೆ. ಅಲ್ಲಿಂದ ಮಲದ ದಾರಿಯ ಚರ್ಮಕ್ಕೆ, ಅಲ್ಲಿಂದ ಯೋನಿಯ ಬಾಯಿಗೆ, ಅಲ್ಲಿಂದ ಮೂತ್ರನಾಳ ಹತ್ತಿ ಮೂತ್ರಕೋಶಕ್ಕೆ ಹೋಗುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಅಷ್ಟೇ. ದಾರಿ ತುಂಬಾ ಹತ್ತಿರ.

ಮುಟ್ಟು ಇರುವ ವಯಸ್ಸಿನಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಯೋನಿಯ ಒಳಪದರವನ್ನು ದಪ್ಪವಾಗಿ, ತೇವವಾಗಿ ಇಡುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಅಲ್ಲಿ ಬೆಳೆದು ಜಾಗವನ್ನು ಹುಳಿಯಾಗಿ ಇಡುತ್ತವೆ. ಆ ಹುಳಿಯಲ್ಲಿ ಇ. ಕೋಲಿ ಸುಲಭಕ್ಕೆ ನೆಲೆಯೂರುವುದಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಪದರ ತೆಳುವಾಗುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಹುಳಿ ಹೋಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳಿಗೆ ಕಾವಲಿಲ್ಲದ ಹೊಲ ಸಿಕ್ಕಂತೆ.

ಹಾಗಾಗಿ "ಕ್ಲೀನಾಗಿ ಇರಲ್ಲ, ಅದಕ್ಕೇ ಬರುತ್ತೆ" ಎಂದು ಅಮ್ಮನನ್ನು ದಯವಿಟ್ಟು ಬೈಯಬೇಡಿ. ದಿನಕ್ಕೆ ಎರಡು ಹೊತ್ತು ಸ್ನಾನ ಮಾಡುವವರಿಗೂ ಬರುತ್ತದೆ.

ಹಂತ 1: ಇದು ನಿಜಕ್ಕೂ ಇನ್ಫೆಕ್ಷನ್ನಾ?

ಸೋಂಕಿನ ಗುರುತುಗಳು ಇವು: ಮೂತ್ರ ಮಾಡುವಾಗ ಉರಿ, ಇದ್ದಕ್ಕಿದ್ದಂತೆ ಪದೇಪದೇ ಹೋಗಬೇಕೆನಿಸುವುದು, ತಡೆಯಲಾಗದ ಅವಸರ, ಕಿಬ್ಬೊಟ್ಟೆ ನೋವು, ಮೂತ್ರದಲ್ಲಿ ರಕ್ತ. "ಇದ್ದಕ್ಕಿದ್ದಂತೆ" ಎಂಬುದನ್ನು ಗಮನಿಸಿ. ಐದು ವರ್ಷದಿಂದ ರಾತ್ರಿ ಮೂರು ಸಲ ಏಳುವವರು ನಿನ್ನೆಯೂ ಮೂರು ಸಲ ಎದ್ದರೆ ಅದು ಹೊಸ ಸೋಂಕಿನ ಲಕ್ಷಣವಲ್ಲ.

ಮೂತ್ರದ ವಾಸನೆ, ಬಣ್ಣ, ಮಬ್ಬು ಇವಿಷ್ಟೇ ಇದ್ದರೆ ಸೋಂಕು ಎನ್ನಲಾಗುವುದಿಲ್ಲ. ನೀರು ಕಡಿಮೆ ಕುಡಿದರೂ ವಾಸನೆ ಬರುತ್ತದೆ.

ಇಲ್ಲಿಯೇ ದೊಡ್ಡ ಎಡವಟ್ಟು ಆಗುವುದು. ವಯಸ್ಸಾದ ಅನೇಕ ಹೆಂಗಸರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸುಮ್ನೆ ಇರುತ್ತವೆ. ಉರಿಯಿಲ್ಲ, ಜ್ವರವಿಲ್ಲ, ಏನೂ ತೊಂದರೆಯಿಲ್ಲ. ಮಾಸ್ಟರ್ ಹೆಲ್ತ್ ಚೆಕಪ್ ಮಾಡಿಸಿದಾಗಲೋ ಶುಗರ್ ಟೆಸ್ಟ್ ಜೊತೆಗೋ ಮೂತ್ರ ಪರೀಕ್ಷೆ ಆಗುತ್ತದೆ, "ಪಸ್ ಸೆಲ್ಸ್ ಜಾಸ್ತಿ" ಎಂದು ಬರುತ್ತದೆ, ಮನೆಯವರು ಗಾಬರಿಯಾಗುತ್ತಾರೆ, ಆಂಟಿಬಯೋಟಿಕ್ ಶುರುವಾಗುತ್ತದೆ. ಪಸ್ ಸೆಲ್ಸ್ ಅಂದರೆ ಮೂತ್ರದಲ್ಲಿ ಕಾಣುವ ಬಿಳಿ ರಕ್ತಕಣಗಳು ಅಷ್ಟೇ. ಲಕ್ಷಣಗಳಿಲ್ಲದಿದ್ದರೆ ಈ ಬ್ಯಾಕ್ಟೀರಿಯಾಕ್ಕೆ ಚಿಕಿತ್ಸೆ ಬೇಡ ಎಂದು ವೈದ್ಯಕೀಯ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳುತ್ತವೆ. ಚಿಕಿತ್ಸೆ ಕೊಟ್ಟರೆ ಮುಂದೆ ಬರುವ ನಿಜವಾದ ಸೋಂಕು ಮದ್ದಿಗೆ ಬಗ್ಗದ ಹಾಗೆ ಆಗಬಹುದು. ಮೂತ್ರನಾಳದ ಆಪರೇಷನ್‌ನಂಥ ಕೆಲವು ಸಂದರ್ಭ ಮಾತ್ರ ಬೇರೆ.

"ಅಜ್ಜಿ ಇವತ್ತು ಏನೇನೋ ಮಾತಾಡ್ತಿದ್ದಾರೆ, ಯೂರಿನ್ ಇನ್ಫೆಕ್ಷನ್ ಇರಬೇಕು" ಎಂಬ ಮಾತೂ ಈಗ ಕೇಳುತ್ತಿರುತ್ತದೆ. ಇರಬಹುದು. ಆದರೆ ಉರಿಯಾಗಲಿ ಜ್ವರವಾಗಲಿ ಇಲ್ಲದೆ ಬರೀ ಗೊಂದಲ ಇದ್ದರೆ ಸೋಡಿಯಂ ಇಳಿದಿರುವುದು, ನೀರಿನಂಶ ಕಡಿಮೆಯಾಗಿರುವುದು, ಶುಗರ್ ಏರುಪೇರು, ಹೊಸ ನಿದ್ದೆ ಮಾತ್ರೆ, ಮಲಬದ್ಧತೆ, ಎದೆಯ ಸೋಂಕು, ಪಾರ್ಶ್ವವಾಯು ಇವನ್ನೂ ವೈದ್ಯರು ಅದೇ ದಿನ ನೋಡಬೇಕು. ಮೂತ್ರದ ರಿಪೋರ್ಟ್ ಮೇಲೆ ಎಲ್ಲವನ್ನೂ ಹಾಕಿ ಸುಮ್ಮನಾದರೆ ನಿಜವಾದ ಕಾರಣ ತಪ್ಪಿಹೋಗುತ್ತದೆ.

ಇನ್ನೊಂದು: ತುರಿಕೆ ಜಾಸ್ತಿ, ಮೂತ್ರ ಚರ್ಮಕ್ಕೆ ತಾಗಿದಾಗ ಹೊರಗಡೆ ಉರಿ, ಬಿಳಿ ಗಟ್ಟಿ ಸ್ರಾವ ಇದ್ದರೆ ಅದು ಫಂಗಸ್ ಆಗಿರಬಹುದು. ಡಯಾಬಿಟಿಸ್‌ಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಸಾಮಾನ್ಯ. ಈ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲೇ ಹೊರಹಾಕುತ್ತವೆ, ಫಂಗಸ್‌ಗೆ ಅದು ಹಬ್ಬ. ಆಂಟಿಬಯೋಟಿಕ್ ಕೊಟ್ಟರೆ ಈ ತುರಿಕೆ ಇನ್ನೂ ಹೆಚ್ಚುತ್ತದೆ.

ಹಂತ 2: ಮೊದಲ ಮಾತ್ರೆಗೆ ಮುಂಚೆ ಕಲ್ಚರ್ ಕೊಡಿ

ಯೂರಿನ್ ರೊಟೀನ್ ಬೇರೆ, ಯೂರಿನ್ ಕಲ್ಚರ್ ಬೇರೆ. ರೊಟೀನ್ ಅವತ್ತೇ ಬರುತ್ತದೆ, ಪಸ್ ಸೆಲ್ಸ್ ಎಷ್ಟು ಎಂದು ಹೇಳುತ್ತದೆ. ಕಲ್ಚರ್‌ನಲ್ಲಿ ಮೂತ್ರದ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ, ಅದು ಯಾವುದು, ಯಾವ ಔಷಧಿಗೆ ಸಾಯುತ್ತದೆ ಎಂದು ನೋಡುತ್ತಾರೆ. 2–3 ದಿನ ಬೇಕು. ಪದೇಪದೇ ಸೋಂಕು ಬರುವವರಿಗೆ ಪ್ರತಿ ಸಲವೂ ಕಲ್ಚರ್ ಬೇಕು. ಚೀಟಿಯಲ್ಲಿ ಬರೀ ರೊಟೀನ್ ಬರೆದಿದ್ದರೆ "ಡಾಕ್ಟ್ರೇ, ಕಲ್ಚರ್ ಅಂಡ್ ಸೆನ್ಸಿಟಿವಿಟಿ ಕೂಡ ಬರೆಯುತ್ತೀರಾ?" ಎಂದು ನೀವೇ ಕೇಳಿ.

ಸ್ಯಾಂಪಲ್ ಹಿಡಿಯುವ ರೀತಿ ಸರಿಯಿಲ್ಲದಿದ್ದರೆ ದುಡ್ಡು ದಂಡ. ಹೀಗೆ ಮಾಡಿ:

1. ಲ್ಯಾಬಿನಿಂದ ಸ್ಟೆರೈಲ್ ಡಬ್ಬಿ, ಅಂದರೆ ಒಳಗೆ ಕ್ರಿಮಿಯಿಲ್ಲದ ಹಾಗೆ ಸೀಲ್ ಮಾಡಿದ ಡಬ್ಬಿ, ಮೊದಲೇ ತಂದಿಟ್ಟುಕೊಳ್ಳಿ. ಮನೆಯ ಲೋಟಕ್ಕೆ ಹಿಡಿದು ಆಮೇಲೆ ಅದಕ್ಕೆ ಸುರಿಯಬೇಡಿ.
2. ಕೈ ತೊಳೆದು, ಮೂತ್ರದ ಜಾಗವನ್ನು ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದು, ಶುಭ್ರವಾದ ಬಟ್ಟೆಯಿಂದ ಒತ್ತಿ ಒರೆಸಿ.
3. ಕಾಲು ಅಗಲಿಸಿ ಕೂತು, ಎರಡು ಬೆರಳಿನಿಂದ ತುಟಿಯಂಥ ಮಡಿಕೆಗಳನ್ನು ಬಿಡಿಸಿ ಹಿಡಿಯಬೇಕು. ಹೆಚ್ಚಿನವರು ಬಿಡುವುದು ಇದನ್ನೇ.
4. ಮೊದಲ ಸ್ವಲ್ಪ ಮೂತ್ರ ಕೆಳಗೆ ಹೋಗಲಿ. ನಡುವಿನ ಧಾರೆಯನ್ನು ಡಬ್ಬಿಗೆ ಹಿಡಿಯಿರಿ. ಡಬ್ಬಿಯ ಅಂಚು ಚರ್ಮಕ್ಕೆ ತಾಗಬಾರದು, ಮುಚ್ಚಳದ ಒಳಭಾಗವನ್ನು ಮುಟ್ಟಬಾರದು.
5. ಒಂದು ಗಂಟೆಯೊಳಗೆ ಲ್ಯಾಬ್ ಸೇರಲಿ. ಆಗದಿದ್ದರೆ ಬಿಗಿಯಾಗಿ ಮುಚ್ಚಿ, ಕವರ್‌ಗೆ ಹಾಕಿ ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಿ ಬೇಡ. ಹೀಗೆ 24 ಗಂಟೆ ಇಡಬಹುದು.

ಫ್ರಿಜ್ ಅಂದ ತಕ್ಷಣ ಮನೆಯಲ್ಲಿ ಗಲಾಟೆ ಆಗುತ್ತದೆ, ಗೊತ್ತು. ಆದರೆ ಹೊರಗೆ ಬಿಸಿಲಲ್ಲಿ ಮೂರು ಗಂಟೆ ಇಟ್ಟರೆ ಡಬ್ಬಿಯೊಳಗೇ ಬ್ಯಾಕ್ಟೀರಿಯಾ ಬೆಳೆದು ಇಲ್ಲದ ಸೋಂಕು ರಿಪೋರ್ಟಿನಲ್ಲಿ ಕಾಣಿಸುತ್ತದೆ.

ನಿನ್ನೆ ರಾತ್ರಿಯೇ ಉಳಿದಿದ್ದ ಎರಡು ಮಾತ್ರೆ ನುಂಗಿ ಬೆಳಿಗ್ಗೆ ಕಲ್ಚರ್ ಕೊಡುವುದೂ ಪ್ರಯೋಜನವಿಲ್ಲ. "ನೋ ಗ್ರೋತ್" ಎಂದು ಬರುತ್ತದೆ, ನಿಜ ತಿಳಿಯುವುದಿಲ್ಲ. ಸ್ಯಾಂಪಲ್ ಕೊಟ್ಟ ಮೇಲೆ ಉರಿ ಜೋರಾಗಿದ್ದರೆ, ರಿಪೋರ್ಟ್ ಬರುವವರೆಗೆ ಹಳೆಯ ಕಲ್ಚರ್ ನೋಡಿ ವೈದ್ಯರು ಔಷಧಿ ಶುರು ಮಾಡಬಹುದು. ಹಾಗಾಗಿ ಹಳೆಯ ರಿಪೋರ್ಟ್‌ಗಳನ್ನು ಎಸೆಯಬೇಡಿ.

ಹಂತ 3: ರಿಪೋರ್ಟ್ ಓದಿ, ಒಂದು ನೋಟ್‌ಬುಕ್ ಇಡಿ

ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾದ ಹೆಸರು ಇರುತ್ತದೆ. ಪಕ್ಕದಲ್ಲಿ ಸಂಖ್ಯೆ. ಒಂದು ಮಿ.ಲೀ.ಗೆ 1 ಲಕ್ಷ ಅಥವಾ ಹೆಚ್ಚು ಎಂದರೆ ಸಾಮಾನ್ಯವಾಗಿ ಸೋಂಕು ಎಂದು ಓದುತ್ತಾರೆ. ಲಕ್ಷಣ ಜೋರಾಗಿದ್ದರೆ ಕಡಿಮೆ ಸಂಖ್ಯೆಗೂ ಬೆಲೆ ಕೊಡುತ್ತಾರೆ. "ಮಿಕ್ಸ್ಡ್ ಗ್ರೋತ್" ಎಂದಿದ್ದರೆ ಸ್ಯಾಂಪಲ್ ಹಿಡಿಯುವಾಗ ಚರ್ಮದ ಬ್ಯಾಕ್ಟೀರಿಯಾ ಸೇರಿಕೊಂಡಿವೆ ಎಂದರ್ಥ, ಮತ್ತೆ ಕೊಡಬೇಕಾಗುತ್ತದೆ. ಔಷಧಿಗಳ ಪಟ್ಟಿಯ ಮುಂದೆ "ಎಸ್" ಎಂದಿದ್ದರೆ ಕೆಲಸ ಮಾಡುತ್ತದೆ, "ಆರ್" ಎಂದಿದ್ದರೆ ಮಾಡುವುದಿಲ್ಲ.

"ಇಎಸ್‌ಬಿಎಲ್" ಎಂಬ ನಾಲ್ಕು ಅಕ್ಷರ ಕಂಡು ತುಂಬಾ ಜನ ಹೆದರುತ್ತಾರೆ. ಪೆನಿಸಿಲಿನ್, ಸೆಫಲೋಸ್ಪೋರಿನ್ ಗುಂಪಿನ ಹೆಚ್ಚಿನ ಔಷಧಿಗಳನ್ನು ಒಡೆದುಹಾಕುವ ಶಕ್ತಿ ಆ ಬ್ಯಾಕ್ಟೀರಿಯಾಕ್ಕೆ ಇದೆ ಎಂದು ಅರ್ಥ. ಅಂದಮಾತ್ರಕ್ಕೆ ಅಡ್ಮಿಟ್ ಆಗಿ ಇಂಜೆಕ್ಷನ್ನೇ ಬೇಕು ಅಂತಿಲ್ಲ. ಜ್ವರವಿಲ್ಲದೆ ಬರೀ ಮೂತ್ರಕೋಶದ ಸೋಂಕಾಗಿದ್ದು, ನೈಟ್ರೋಫ್ಯುರಾಂಟಾಯಿನ್ ಅಥವಾ ಫಾಸ್ಫೋಮೈಸಿನ್ ಮುಂದೆ "ಎಸ್" ಇದ್ದರೆ ಬಾಯಿಂದ ತೆಗೆದುಕೊಳ್ಳುವ ಔಷಧಿಯಲ್ಲೇ ಎಷ್ಟೋ ಸಲ ಗುಣವಾಗುತ್ತದೆ. ಇಂಜೆಕ್ಷನ್ ಎಂದು ಹೇಳಿದರೆ "ಇದು ಬಾಯಿಂದ ಆಗಲ್ವಾ ಡಾಕ್ಟ್ರೇ?" ಎಂದು ಕೇಳುವುದು ತಪ್ಪಲ್ಲ.

ನೋಟ್‌ಬುಕ್‌ನಲ್ಲಿ ದಿನಾಂಕ, ಏನೇನು ಲಕ್ಷಣ, ಯಾವ ಬ್ಯಾಕ್ಟೀರಿಯಾ, ಯಾವ ಔಷಧಿ ಎಷ್ಟು ದಿನ, ಯಾವಾಗ ಉರಿ ನಿಂತಿತು ಎಂದು ಬರೆಯಿರಿ. ಔಷಧಿ ಮುಗಿದ ಎರಡು ವಾರದೊಳಗೆ ಅದೇ ಬ್ಯಾಕ್ಟೀರಿಯಾ ಮತ್ತೆ ಬಂದರೆ ಹಳೆಯದು ಪೂರ್ತಿ ಹೋಗಿಲ್ಲ, ಕಲ್ಲೋ, ಮೂತ್ರ ಮಾಡಿದ ಮೇಲೂ ಒಳಗೆ ಉಳಿಯುವ ಉಳಿಮೂತ್ರವೋ ಇದೆಯಾ ಎಂದು ಹುಡುಕಬೇಕು. ತಿಂಗಳುಗಳ ಅಂತರದಲ್ಲಿ ಬಂದರೆ ಅದು ಸಾಮಾನ್ಯವಾಗಿ ಹೊಸ ಸೋಂಕು, ತಡೆಯುವ ಉಪಾಯ ಬೇಕು. ಈ ಎರಡಕ್ಕೂ ದಾರಿ ಬೇರೆ ಬೇರೆ.

ಉರಿ ಹೋದ ಮೇಲೆ "ಪೂರ್ತಿ ಹೋಯ್ತಾ" ಎಂದು ಮತ್ತೆ ಕಲ್ಚರ್ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ.

ಹಂತ 4: ಈ ಸಲದ ಸೋಂಕಿಗೆ ಔಷಧಿ

ಯಾವ ಔಷಧಿ ಎಂದು ಹೇಳಬೇಕಾದವರು ವೈದ್ಯರು. ಕೊಟ್ಟದ್ದರ ಬಗ್ಗೆ ನೀವು ತಿಳಿದಿರಬೇಕಾದ್ದು ಇಷ್ಟು.

ನೈಟ್ರೋಫ್ಯುರಾಂಟಾಯಿನ್: ಮೂತ್ರಕೋಶದ ಸೋಂಕಿಗೆ ಸಾಮಾನ್ಯವಾಗಿ 5 ದಿನ ಕೊಡುತ್ತಾರೆ. ಊಟದ ಜೊತೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಮೂತ್ರ ಗಾಢ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಇದು ಬೇಡ. ಹಾಗಾಗಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತ ಪರೀಕ್ಷೆಯ ರಿಪೋರ್ಟ್ ತೋರಿಸಿ. ಸಣಕಲು ಅಜ್ಜಿಯರಲ್ಲಿ ಕ್ರಿಯಾಟಿನಿನ್ ನಾರ್ಮಲ್ ಎಂದು ಕಂಡರೂ ಕಿಡ್ನಿಯ ಶಕ್ತಿ ಕಡಿಮೆ ಇರಬಹುದು. "ಇಜಿಎಫ್‌ಆರ್ ಎಷ್ಟಿದೆ?" ಎಂದು ಕೇಳಿ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬ ಲೆಕ್ಕ ಅದು. ಜ್ವರ ಇದ್ದು ಸೋಂಕು ಕಿಡ್ನಿಗೆ ಹೋಗಿದ್ದರೂ ಈ ಔಷಧಿ ಸಾಲದು.

ಫಾಸ್ಫೋಮೈಸಿನ್: 3 ಗ್ರಾಂ ಪುಡಿಯ ಸ್ಯಾಶೆ. ನೀರಿನಲ್ಲಿ ಕಲಸಿ, ಖಾಲಿ ಹೊಟ್ಟೆಯಲ್ಲಿ, ಸಾಮಾನ್ಯವಾಗಿ ರಾತ್ರಿ ಮಲಗುವ ಮುಂಚೆ ಮೂತ್ರ ಮಾಡಿ ಬಂದ ಮೇಲೆ ಕುಡಿಯುವುದು. ಒಂದೇ ಡೋಸ್ ಸಾಕಾಗುತ್ತದೆ ಎಂದು ವೈದ್ಯರು ಹೇಳಿದರೆ ನಂಬಿ.

ಸಿಪ್ರೋಫ್ಲಾಕ್ಸಸಿನ್, ಆಫ್ಲಾಕ್ಸಸಿನ್, ನಾರ್ಫ್ಲಾಕ್ಸಸಿನ್: ನಮ್ಮ ದೇಶದಲ್ಲಿ ಇ. ಕೋಲಿ ಈ ಗುಂಪಿಗೆ ಬಹಳ ಮಟ್ಟಿಗೆ ಬಗ್ಗುತ್ತಿಲ್ಲ. ವಯಸ್ಸಾದವರಿಗೆ ಸ್ನಾಯುರಜ್ಜು ಹರಿಯುವುದು, ಅಂದರೆ ಹಿಮ್ಮಡಿಯ ಮೇಲಿನ ದಪ್ಪ ನರದಂಥ ಭಾಗಕ್ಕೆ ಏಟು, ತಲೆ ಗೊಂದಲ, ಶುಗರ್ ದಿಢೀರ್ ಇಳಿಯುವುದು ಇಂಥ ಅಪಾಯಗಳಿವೆ. ಅಮೆರಿಕದ ಔಷಧ ಇಲಾಖೆ 2016ರಲ್ಲೇ, ಸರಳ ಮೂತ್ರ ಸೋಂಕಿಗೆ ಬೇರೆ ದಾರಿ ಇದ್ದರೆ ಇದನ್ನು ಬಳಸಬೇಡಿ ಎಂದಿತು. ಮೆಡಿಕಲ್ ಶಾಪ್‌ನಲ್ಲಿ "ಉರಿಮೂತ್ರಕ್ಕೆ ಏನಾದ್ರೂ ಕೊಡಿ" ಅಂದರೆ ಮೊದಲು ಕೈಗೆ ಬರುವುದು ಇವೇ. ಮಾತ್ರೆಯ ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ.

ಒಂದು ಎಚ್ಚರಿಕೆ ಯಾರೂ ಹೇಳುವುದಿಲ್ಲ. ಉರಿ ಕಡಿಮೆಯಾಗಲಿ ಎಂದು ಆಲ್ಕಲೈಸರ್ ಸಿರಪ್ ಕೊಡುತ್ತಾರೆ, ನೀರಿಗೆ ಕಲಸಿ ಕುಡಿಯುವಂಥದ್ದು. ಅದು ಮೂತ್ರದ ಹುಳಿ ಕಡಿಮೆ ಮಾಡುತ್ತದೆ. ನೈಟ್ರೋಫ್ಯುರಾಂಟಾಯಿನ್ ಚೆನ್ನಾಗಿ ಕೆಲಸ ಮಾಡಲು ಮೂತ್ರ ಹುಳಿಯಾಗಿರಬೇಕು. ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದು ಇನ್ನೊಂದರ ಕಾಲೆಳೆಯುತ್ತದೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಆ ಸಿರಪ್‌ನ ಲವಣವೂ ಒಳ್ಳೆಯದಲ್ಲ.

ಹಂತ 5: ಯಾಕೆ ಮತ್ತೆ ಮತ್ತೆ ಎಂದು ಹುಡುಕಿಸಿ

ಫ್ಯಾಮಿಲಿ ಡಾಕ್ಟರ್ ಆದರೂ ಸರಿ, ಮೂತ್ರದ ಕಾಯಿಲೆಗಳ ತಜ್ಞ ಯುರಾಲಜಿಸ್ಟ್ ಆದರೂ ಸರಿ, ಒಂದು ಸಲ ಪೂರ್ತಿ ತಪಾಸಣೆ ಆಗಲಿ. ಬೆಂಗಳೂರಿನವರಿಗೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ್ದೇ ಆದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಸ್ತ್ರೀರೋಗ ತಜ್ಞರ ಬಳಿ ಹೋಗುವುದನ್ನಂತೂ ಮರೆಯಬೇಡಿ. "ಈ ವಯಸ್ಸಲ್ಲಿ ಅವರ ಹತ್ರ ಏನಕ್ಕೆ" ಎಂದು ಅಮ್ಮ ಹೇಳುತ್ತಾರೆ. ಒಳಗೆ ನೋಡದೆ ಗೊತ್ತಾಗದ ವಿಷಯಗಳಿವೆ.

ಮುಖ್ಯವಾದದ್ದು ಉಳಿಮೂತ್ರ. ಮೂತ್ರ ಮಾಡಿ ಬಂದ ಮೇಲೂ ಒಳಗೆ ಉಳಿಯುವ ಮೂತ್ರ ಅದು. ನಿಂತ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಇದನ್ನು ಅಳೆಯಬಹುದು. "ಪೋಸ್ಟ್ ವಾಯ್ಡ್" ಅಳತೆಯನ್ನೂ ಬರೆದುಕೊಡಿ ಎಂದು ಕೇಳಿ. ಸಾಮಾನ್ಯವಾಗಿ 100 ಮಿ.ಲೀ. ದಾಟಿದರೆ ವೈದ್ಯರು ಗಮನ ಕೊಡುತ್ತಾರೆ. ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ನೀರು ಕುಡಿ ಕುಡಿ ಎಂದು ಹೊಟ್ಟೆ ಬಿರಿಯುವಷ್ಟು ತುಂಬಿಸಿ, ಆಮೇಲೆ ಒಂದು ಗಂಟೆ ಕ್ಯೂನಲ್ಲಿ ಕೂರಿಸುತ್ತಾರೆ. ಅಷ್ಟು ಹಿಗ್ಗಿದ ಮೂತ್ರಕೋಶ ಒಂದೇ ಸಲಕ್ಕೆ ಖಾಲಿಯಾಗುವುದಿಲ್ಲ, ಉಳಿಮೂತ್ರ ಸುಳ್ಳಾಗಿ ಜಾಸ್ತಿ ಕಾಣುತ್ತದೆ. ಸಾಧಾರಣವಾಗಿ ಹೋಗಬೇಕೆನಿಸಿದಾಗಲೇ ಸ್ಕ್ಯಾನ್ ಮಾಡಿ ಎಂದು ಅಲ್ಲಿನವರಿಗೆ ಹೇಳಿ.

ಉಳಿಮೂತ್ರಕ್ಕೆ ಕಾರಣಗಳು ಹಲವು. ಗರ್ಭಕೋಶ ಕೆಳಗೆ ಜಾರಿರುವುದು ನಮ್ಮ ಹಳ್ಳಿಗಳಲ್ಲಿ ತುಂಬಾ ಇದೆ, ಹೇಳಿಕೊಳ್ಳುವವರು ಕಡಿಮೆ. "ಕೆಳಗೆ ಏನೋ ಇಳಿದ ಹಾಗೆ ಆಗುತ್ತಾ?" ಎಂದು ನೀವೇ ಮೆಲ್ಲಗೆ ಕೇಳಿ. ಆಪರೇಷನ್ ಬೇಡವೆನ್ನುವವರಿಗೆ ಒಳಗೆ ಇಡುವ ಪೆಸರಿ ಎಂಬ ಬಳೆಯಂಥ ಸಾಧನವಿದೆ. ಮಲಬದ್ಧತೆ ಇನ್ನೊಂದು. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಶೀತಕ್ಕೆ, ಅಲರ್ಜಿಗೆ, ನಿದ್ದೆಗೆ ಕೊಡುವ ಕೆಲವು ಮಾತ್ರೆಗಳು, ಅಮಿಟ್ರಿಪ್ಟಿಲಿನ್‌ನಂಥವು ಮೂತ್ರಕೋಶವನ್ನು ಸೋಮಾರಿ ಮಾಡುತ್ತವೆ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಶುಗರ್‌ನ ಮೂರು ತಿಂಗಳ ಸರಾಸರಿಯನ್ನೂ ನೋಡಿಸಿ.

ಸಿಸ್ಟೋಸ್ಕೋಪಿ, ಅಂದರೆ ಮೂತ್ರನಾಳದ ಮೂಲಕ ಸಣ್ಣ ಕ್ಯಾಮೆರಾ ಹಾಕಿ ನೋಡುವುದು, ಎಲ್ಲರಿಗೂ ಬೇಕಾಗುವುದಿಲ್ಲ. ಆದರೆ ಸೋಂಕು ಹೋದ ಮೇಲೂ ಮೂತ್ರದಲ್ಲಿ ರಕ್ತ ಇದ್ದರೆ ಅಥವಾ ಉರಿಯೇ ಇಲ್ಲದೆ ರಕ್ತ ಬಂದರೆ ತಡಮಾಡಬೇಡಿ. ಹೆಂಗಸರಲ್ಲಿ ಮೂತ್ರಕೋಶದ ಕ್ಯಾನ್ಸರ್ ಎಷ್ಟೋ ಸಲ ತಡವಾಗಿ ಪತ್ತೆಯಾಗುವುದು ಹೀಗೇ. "ಮತ್ತೆ ಇನ್ಫೆಕ್ಷನ್" ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿರುತ್ತಾರೆ.

ಹಂತ 6: ಆ ಕ್ರೀಮ್

ಯೋನಿಯ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಈಸ್ಟ್ರಿಯಾಲ್ ಎಂಬುದು. ಕಳೆದುಹೋದ ಪದರದ ದಪ್ಪ, ಹುಳಿ, ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲವನ್ನೂ ಬಹುಮಟ್ಟಿಗೆ ಮರಳಿ ತರುತ್ತದೆ. 1993ರಲ್ಲಿ ಮುಟ್ಟು ನಿಂತ 93 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಈಸ್ಟ್ರಿಯಾಲ್ ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 0.5 ಸಲ ಸೋಂಕು ಬಂದರೆ, ಔಷಧಿಯಿಲ್ಲದ ಕ್ರೀಮ್ ಹಚ್ಚಿದವರಿಗೆ 5.9 ಸಲ ಬಂದಿತ್ತು. ಆಮೇಲಿನ ಅಧ್ಯಯನಗಳಲ್ಲಿ ಇಷ್ಟು ದೊಡ್ಡ ಅಂತರ ಪ್ರತಿ ಸಲ ಕಂಡಿಲ್ಲ, ಆದರೆ ಉಪಯೋಗ ಇದೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ. ಬಾಯಿಂದ ನುಂಗುವ ಈಸ್ಟ್ರೋಜನ್ ಮಾತ್ರೆಯಿಂದ ಈ ಲಾಭ ಸಿಗುವುದಿಲ್ಲ.

ಹಚ್ಚುವ ಕ್ರಮ ಸಾಮಾನ್ಯವಾಗಿ ಹೀಗೆ: ಮೊದಲ 2 ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ 2 ರಾತ್ರಿ. ಟ್ಯೂಬ್ ಜೊತೆ ಸಿರಿಂಜ್‌ನಂಥ ಅಪ್ಲಿಕೇಟರ್ ಬರುತ್ತದೆ. ಅದನ್ನು ಟ್ಯೂಬ್‌ನ ಬಾಯಿಗೆ ತಿರುಗಿಸಿ ಸಿಕ್ಕಿಸಿ, ವೈದ್ಯರು ಹೇಳಿದ ಗೆರೆಯವರೆಗೆ ಕ್ರೀಮ್ ಒತ್ತಿ ತುಂಬಿ. ಮಲಗಿ, ಮಂಡಿ ಮಡಚಿ, ಮೆಲ್ಲಗೆ ಒಳಗೆ ಇಟ್ಟು ಒತ್ತಬೇಕು. ಆಮೇಲೆ ಬೆಚ್ಚಗಿನ ನೀರಲ್ಲಿ ಸೋಪು ಹಾಕಿ ತೊಳೆದಿಡಿ. ಸಂಧಿವಾತದಿಂದ ಕೈಬೆರಳು ಬಾಗದವರಿಗೆ, ಒಣಗಿ ನೋವಿರುವವರಿಗೆ ಅಪ್ಲಿಕೇಟರ್ ಕಷ್ಟ. ಅಂಥವರು ಕಡಲೆಕಾಳಿನಷ್ಟು ಕ್ರೀಮನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಯೋನಿಯ ಬಾಯಿಯ ಒಳಗೆ, ಮೂತ್ರ ಬರುವ ಜಾಗದ ಸುತ್ತ ಹಚ್ಚಬಹುದಾ ಎಂದು ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ಮೊದಲ ಕೆಲವು ದಿನ ಸ್ವಲ್ಪ ಉರಿ ಇರಬಹುದು. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಮೂರು ವಾರ ಹಚ್ಚಿ "ಏನೂ ಆಗ್ಲಿಲ್ಲ" ಎಂದು ಬಿಡುವವರೇ ಜಾಸ್ತಿ. ಬಿಟ್ಟರೆ ಮತ್ತೆ ಮೊದಲಿನಂತೆ ಒಣಗುತ್ತದೆ, ಹಾಗಾಗಿ ಇದು ವರ್ಷಗಟ್ಟಲೆ ಮುಂದುವರಿಸುವ ಚಿಕಿತ್ಸೆ.

ಡಬ್ಬದೊಳಗಿನ ಚೀಟಿಯಲ್ಲಿ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಎಂದು ಬರೆದಿರುವುದನ್ನು ಓದಿ ಮಗ ಟ್ಯೂಬನ್ನು ಬೀರುವಿನಲ್ಲಿ ಇಡುತ್ತಾನೆ. ಆ ಎಚ್ಚರಿಕೆ ಬಂದದ್ದು ಮುಖ್ಯವಾಗಿ ನುಂಗುವ ಹಾರ್ಮೋನ್ ಮಾತ್ರೆಗಳ ಅಧ್ಯಯನದಿಂದ. ಕಡಿಮೆ ಪ್ರಮಾಣದಲ್ಲಿ ಹಚ್ಚುವ ಕ್ರೀಮ್‌ನಿಂದ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಆದರೂ ಎರಡು ಸಂದರ್ಭದಲ್ಲಿ ಮೊದಲು ಕೇಳಲೇಬೇಕು. ಸ್ತನ ಕ್ಯಾನ್ಸರ್ ಆಗಿದ್ದರೆ, ಅದರಲ್ಲೂ ಲೆಟ್ರೋಜೋಲ್, ಅನಸ್ಟ್ರೋಜೋಲ್ ಮಾತ್ರೆ ನಡೆಯುತ್ತಿದ್ದರೆ, ಕ್ಯಾನ್ಸರ್ ವೈದ್ಯರ ಒಪ್ಪಿಗೆ ಬೇಕು. ಮುಟ್ಟು ನಿಂತ ಮೇಲೆ ರಕ್ತಸ್ರಾವ ಆಗಿದ್ದರೆ ಅದರ ಕಾರಣ ತಿಳಿದ ಮೇಲೆಯೇ ಕ್ರೀಮ್.

ಹಂತ 7: ನೀರು, ಟಾಯ್ಲೆಟ್, ತೊಳೆಯುವುದು

ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್. ಹೃದಯದ ತೊಂದರೆಗೆ, ಕಿಡ್ನಿಗೆ ನೀರು ಮಿತಿ ಹೇಳಿದ್ದರೆ ಆ ಮಿತಿಯೇ. ನೀರಿನ ಬಗ್ಗೆ 2018ರ ಅಧ್ಯಯನವೊಂದರಲ್ಲಿ, ಕಡಿಮೆ ಕುಡಿಯುತ್ತಿದ್ದ ಮಹಿಳೆಯರ ಪೈಕಿ ದಿನಕ್ಕೆ 1.5 ಲೀಟರ್ ಹೆಚ್ಚು ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ ಸೋಂಕು ಬಂದರೆ, ಮೊದಲಿನಷ್ಟೇ ಕುಡಿದವರಿಗೆ 3.2 ಸಲ ಬಂತು. ಅವರು ಮುಟ್ಟು ಇರುವ ವಯಸ್ಸಿನವರು. ಅಮ್ಮನ ವಯಸ್ಸಿಗೆ ಅಷ್ಟೇ ಲೆಕ್ಕ ಬರಬೇಕಂತಿಲ್ಲ, ಆದರೂ ನೀರು ಖರ್ಚಿಲ್ಲದ ಉಪಾಯ.

ಬಾರ್ಲಿ ನೀರು, ಜೀರಿಗೆ ನೀರು, ಮಜ್ಜಿಗೆ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಅವು ಸೋಂಕನ್ನು ಕೊಲ್ಲುವುದಿಲ್ಲ, ಮೂತ್ರವನ್ನು ತಿಳಿ ಮಾಡುತ್ತವೆ. "ಉಷ್ಣ ಆಗಿದೆ" ಎಂದು ಜ್ವರ ಬಂದ ಮೇಲೂ ಬಾರ್ಲಿಯಲ್ಲೇ ದಿನ ದೂಡಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ತೊಂದರೆ ಇದ್ದರೆ ಅಥವಾ ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ನಡೆಯುತ್ತಿದ್ದರೆ ದಿನಾ ಕುಡಿಯುವ ಮೊದಲು ಕೇಳಿ. ರಾತ್ರಿ ಎದ್ದು ಬೀಳುವ ಭಯ ಇದ್ದರೆ ದಿನದ ನೀರಿನ ಬಹುಪಾಲು ಸಂಜೆ 6ರೊಳಗೆ ಮುಗಿಸಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮಂದಿರು ಧರ್ಮಸ್ಥಳ, ಹೊರನಾಡು ಎಂದು ಓಡಾಡುವುದು ಜಾಸ್ತಿಯಾಗಿದೆ. ಸಂತೋಷ. ಆದರೆ ಬಸ್ ಹತ್ತುವ ದಿನ ಬೆಳಗಿನಿಂದ ಗಂಟಲಿಗೆ ಒಂದು ತೊಟ್ಟು ನೀರು ಇಳಿಸುವುದಿಲ್ಲ, ಎಂಟು ಗಂಟೆ ತಡೆದುಕೊಂಡು ಕೂರುತ್ತಾರೆ. ಬಸ್ ನಿಲ್ದಾಣಗಳ ಶೌಚಾಲಯ ನೋಡಿದರೆ ಅವರನ್ನು ದೂರುವುದೂ ಕಷ್ಟ. ಬಸ್ ಊಟಕ್ಕೆ ನಿಂತಲ್ಲೆಲ್ಲ ಹೋಗಿ ಬರಲಿ. ಕಲ್ಯಾಣ ಮಂಟಪದಲ್ಲೂ ಇದೇ ಕಥೆ. ಮೂರು ನಾಲ್ಕು ಗಂಟೆಗೊಮ್ಮೆ, ಅನಿಸದಿದ್ದರೂ ಹೋಗುವ ಅಭ್ಯಾಸ ಒಳ್ಳೆಯದು.

ಕಮೋಡ್ ಮೇಲೆ ಪೂರ್ತಿ ಕೂರಬೇಕು. ಗಲೀಜು ಎಂದು ಅರ್ಧ ನಿಂತು ಮಾಡಿದರೆ ಮೂತ್ರಕೋಶ ಖಾಲಿಯಾಗುವುದಿಲ್ಲ. ಮುಗಿದ ಮೇಲೆ ಎದ್ದು ನಿಂತು, ಒಂದು ನಿಮಿಷ ಬಿಟ್ಟು, ಮತ್ತೆ ಕೂತು ಇನ್ನೊಮ್ಮೆ ಪ್ರಯತ್ನಿಸಲಿ.

ತೊಳೆಯುವಾಗ ಕೈ ಮುಂದಿನಿಂದ ಹಿಂದಕ್ಕೆ. ಜೆಟ್ ಸ್ಪ್ರೇಯನ್ನು ಹಿಂದಿನಿಂದ ಮುಂದಕ್ಕೆ ಜೋರಾಗಿ ಹಾಯಿಸಬೇಡಿ. ಸ್ನಾನದ ನೀರಿಗೆ ಡೆಟಾಲ್, ಒಳಗೆಲ್ಲ ಸೋಪು, ಘಮಘಮಿಸುವ ವಾಶ್‌ಗಳು ಯಾವುದೂ ಬೇಡ. ಉಳಿದಿರುವ ನಾಲ್ಕು ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತವೆ. ಗಂಡ ಹೆಂಡತಿ ಸೇರಿದ ಮೇಲೆ ಸೋಂಕು ಬರುತ್ತಿದೆ ಎನಿಸಿದರೆ ಆ ಮಾತನ್ನೂ ವೈದ್ಯರಿಗೆ ಹೇಳಿ. 65 ಆಯಿತೆಂದರೆ ಅದೆಲ್ಲ ಮುಗಿದಿರುತ್ತದೆ ಎಂದು ಯಾರೂ ಅಂದುಕೊಳ್ಳಬೇಕಿಲ್ಲ.

ಹಂತ 8: ಇಷ್ಟಾದರೂ ಬಂದರೆ

ಕ್ರ್ಯಾನ್‌ಬೆರಿ: ಹುಳಿ ರುಚಿಯ ಈ ಕೆಂಪು ವಿದೇಶಿ ಹಣ್ಣಿನಿಂದ ಪದೇಪದೇ ಸೋಂಕು ಬರುವ ಹೆಂಗಸರಿಗೆ ಸ್ವಲ್ಪ ಉಪಯೋಗ ಇದೆ ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕೊಕ್ರೇನ್ ವಿಮರ್ಶೆ ಹೇಳಿತು. ಅದೇ ವಿಮರ್ಶೆಯಲ್ಲಿ, ಆರೈಕೆ ಕೇಂದ್ರಗಳಲ್ಲಿ ಇರುವ ವೃದ್ಧರಿಗೆ ಲಾಭ ಕಾಣಲಿಲ್ಲ. ಅಂಗಡಿಯ ಜ್ಯೂಸ್‌ನಲ್ಲಿ ಸಕ್ಕರೆಯೇ ಜಾಸ್ತಿ. ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರು ಕೇಳದೆ ತೆಗೆದುಕೊಳ್ಳಬಾರದು.

ಡಿ-ಮ್ಯಾನೋಸ್: ಇದೊಂದು ಬಗೆಯ ಸಕ್ಕರೆ, ಇದರ ಸ್ಯಾಶೆಗಳನ್ನು ಈಗ ಧಾರಾಳವಾಗಿ ಬರೆಯುತ್ತಾರೆ. 2024ರಲ್ಲಿ ಬ್ರಿಟನ್‌ನ 598 ಮಹಿಳೆಯರ ಮೇಲಿನ ಅಧ್ಯಯನದಲ್ಲಿ ದಿನಾ ತೆಗೆದುಕೊಂಡರೂ ವ್ಯತ್ಯಾಸ ಕಾಣಲಿಲ್ಲ. ಆ ದುಡ್ಡಿಗೆ ಕ್ರೀಮ್ ಕೊಳ್ಳಿ ಎನ್ನುತ್ತೇನೆ ನಾನು.

ಮೆಥೆನಮೈನ್ ಹಿಪ್ಪುರೇಟ್: ಇದು ಆಂಟಿಬಯೋಟಿಕ್ ಅಲ್ಲ. ಹುಳಿ ಮೂತ್ರದಲ್ಲಿ ಫಾರ್ಮಾಲ್ಡಿಹೈಡ್ ಆಗಿ ಬದಲಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. 2022ರಲ್ಲಿ ಬ್ರಿಟನ್‌ನ 240 ಮಹಿಳೆಯರ ಅಧ್ಯಯನದಲ್ಲಿ ಹೊತ್ತಿಗೆ 1 ಗ್ರಾಂನಂತೆ ದಿನಕ್ಕೆ ಎರಡು ಹೊತ್ತು ಕೊಟ್ಟದ್ದು, ಸೋಂಕು ತಡೆಯುವುದರಲ್ಲಿ ದಿನಾ ಆಂಟಿಬಯೋಟಿಕ್ ಕೊಟ್ಟದ್ದಕ್ಕಿಂತ ಗಣನೀಯವಾಗಿ ಕಡಿಮೆಯೇನೂ ಆಗಲಿಲ್ಲ. ಎಲ್ಲ ಮೆಡಿಕಲ್ ಶಾಪ್‌ನಲ್ಲಿ ಇಟ್ಟಿರುವುದಿಲ್ಲ, ತರಿಸಿಕೊಡಲು ಹೇಳಬೇಕಾಗಬಹುದು. ಕಿಡ್ನಿ, ಲಿವರ್ ತೊಂದರೆ ಜೋರಾಗಿರುವವರಿಗೆ ಬೇಡ. ಆಲ್ಕಲೈಸರ್ ಸಿರಪ್ ಇದಕ್ಕೂ ಶತ್ರು.

ದಿನಾ ಸಣ್ಣ ಡೋಸ್ ಆಂಟಿಬಯೋಟಿಕ್: ಇದು ಕೊನೆಯ ದಾರಿ. ಕೆಲಸ ಮಾಡುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಬರುವುದೂ ಸಾಮಾನ್ಯ. ಶುರು ಮಾಡುವಾಗಲೇ "ಯಾವಾಗ ನಿಲ್ಲಿಸೋದು?" ಎಂದು ಕೇಳಿ ಬರೆಸಿಕೊಳ್ಳಿ. ಮೂರರಿಂದ ಆರು ತಿಂಗಳಿಗೆ ಮರುಪರಿಶೀಲನೆ ಆಗಬೇಕು. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರುತ್ತಿರುವವರಿದ್ದಾರೆ. ನೈಟ್ರೋಫ್ಯುರಾಂಟಾಯಿನ್ ತುಂಬಾ ದಿನ ತೆಗೆದುಕೊಳ್ಳುವವರಿಗೆ ಒಣ ಕೆಮ್ಮು, ಉಬ್ಬಸ, ಕಾಲಿನ ಜೋಮು ಕಂಡರೆ ಅದೇ ದಿನ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಶ್ವಾಸಕೋಶಕ್ಕೆ, ನರಗಳಿಗೆ ಪೆಟ್ಟು ಬೀಳುವುದುಂಟು.

ಹಂತ 9: ಹಾಸಿಗೆ ಹಿಡಿದವರು, ಕ್ಯಾತಿಟರ್ ಇರುವವರು

ಡೈಪರ್ ಒದ್ದೆಯಾದಾಗ ಬದಲಿಸಿ. ಮಲವಾಗಿದ್ದರೆ ತಕ್ಷಣ. ಉಳಿತಾಯವೆಂದು ಇಡೀ ರಾತ್ರಿ ಒಂದೇ ಡೈಪರ್ ಬೇಡ. ಒರೆಸುವಾಗ ಇಲ್ಲೂ ಮುಂದಿನಿಂದ ಹಿಂದಕ್ಕೆ.

ಕ್ಯಾತಿಟರ್, ಅಂದರೆ ಮೂತ್ರದ ಟ್ಯೂಬ್, ಹಾಕಿ ಕೆಲವು ವಾರ ಕಳೆದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಜ್ವರ, ನಡುಕ ಇಲ್ಲದಿದ್ದರೆ ಪರೀಕ್ಷೆ ಮಾಡಿಸಲೇಬೇಡಿ, ಮಾಡಿಸಿದರೆ ಚಿಕಿತ್ಸೆಯ ಆಸೆ ಹುಟ್ಟುತ್ತದೆ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಪ್ರತಿ ಭೇಟಿಯಲ್ಲೂ "ಟ್ಯೂಬ್ ಇನ್ನೂ ಬೇಕಾ?" ಎಂದು ಕೇಳಿ, ತೆಗೆಯಲು ಎಷ್ಟೋ ಸಲ ಮರೆತೇ ಹೋಗಿರುತ್ತದೆ. ಜ್ವರ ಬಂದು ಕಲ್ಚರ್ ಬೇಕಾದಾಗ ಚೀಲದಲ್ಲಿ ನಿಂತ ಮೂತ್ರವನ್ನು ಕಳಿಸಲು ಬಿಡಬೇಡಿ. ಟ್ಯೂಬ್ ಹಾಕಿ ಎರಡು ವಾರ ದಾಟಿದ್ದರೆ ಅದನ್ನು ತೆಗೆದು, ಹೊಸ ಟ್ಯೂಬ್ ಹಾಕಿ, ಅದರಿಂದ ಬರುವ ಹೊಸ ಮೂತ್ರವನ್ನೇ ಡಬ್ಬಿಗೆ ಹಿಡಿಯಲು ನರ್ಸ್‌ಗೆ ಹೇಳಿ.